ನಾನು ಬೆಳ್ಳಗೆ ಮಾಡಿದ ಹವಳ

ಬೆಳಕಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈ ಕಥೆಯನ್ನು ನನ್ನ ಬಾಮೈದ ಒಂದು ಥರ ಹೇಳಿಕೊಂಡು ತಿರುಗುತ್ತಿದ್ದಾನೆ, ನಮ್ಮ ಜೊತೆಯಲ್ಲೇ ಇರುವ ನಮ್ಮತ್ತೆ ಇನ್ನೊಂದು ಥರ ಹೇಳುತ್ತಾರೆ, ಪಕ್ಕದ ಮನೆಯಾಕೆ ಹೇಳುವುದಂತೂ ಕಥೆಯೇ ಅಲ್ಲ, ದೊಡ್ಡ ಪುರಾಣ. ನಡೆದದ್ದು ನಡೆದ ಹಾಗೆ ಗೊತ್ತಿರುವುದು ನನಗೆ ಮತ್ತು ಆ ಹವಳಕ್ಕೆ ಮಾತ್ರ. ಹವಳಕ್ಕೆ ಬಾಯಿ ಇದೆ, ಮಾತಿಲ್ಲ. ಆದ್ದರಿಂದ ನಾನೇ ಹೇಳಬೇಕು.

ನಾನು ಫೋಟೋ ಸ್ಟುಡಿಯೋ ಇಟ್ಟವನು. ಗುರುತಿನ ಚೀಟಿ, ಪಾಸ್‌ಪೋರ್ಟು, ಕೆಲಸದ ಅರ್ಜಿ, ಎಲ್ಲದಕ್ಕೂ ಊರಿನ ಜನ ಬಂದು ಕೂರುವುದು ನನ್ನ ಸ್ಟೂಲಿನ ಮೇಲೆ. ಕೂತವರು ಹೇಳುವುದು ಒಂದೇ ಮಾತು: "ಸ್ವಲ್ಪ ಬೆಳ್ಳಗೆ ಬರೋ ಹಾಗೆ ತೆಗೀರಿ." ತೆಗೆಯುತ್ತೇನೆ. ಎಡಕ್ಕೊಂದು ದೀಪ, ಬಲಕ್ಕೊಂದು ದೀಪ, ನೆತ್ತಿಯ ಮೇಲೊಂದು ದೀಪ. ಇಷ್ಟು ಹಾಕಿದೆನೆಂದರೆ ಇದ್ದಿಲು ಡಿಪೋದ ಯಜಮಾನನೂ ಹಿಟ್ಟಿನ ಗಿರಣಿಯ ಯಜಮಾನನ ಹಾಗೆ ಕಾಣಬೇಕು. ನಾನು ಬೆಳ್ಳಗೆ ಮಾಡದ ಮುಖ ಈ ಊರಲ್ಲಿಲ್ಲ. ಜನ ಪ್ರೀತಿಯಿಂದ ನನ್ನನ್ನು ಸುಣ್ಣದಣ್ಣ ಎಂದು ಕರೆಯುತ್ತಾರೆ. ಪ್ರೀತಿಯಿಂದಲೇ ಇರಬೇಕು.

ಅಂಗಡಿಯ ಮುಂದಿನ ಗಾಜಿನ ಹಿಂದೆ ನನ್ನ ಹೆಂಡತಿಯ ದೊಡ್ಡ ಫೋಟೋ ಇತ್ತು. ಮದುವೆಯಾದ ಹೊಸದರಲ್ಲಿ ತೆಗೆದದ್ದು, ನನ್ನ ಕೈಚಳಕಕ್ಕೆ ಸಾಕ್ಷಿ. ಮೂಗು ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆ ಎಂದು ಹೇಳಲಾಗದಷ್ಟು ಬೆಳ್ಳಗೆ ಬಂದಿತ್ತು. ಅವಳು ಅಂಗಡಿಗೆ ಬಂದಾಗಲೆಲ್ಲ ಅದರ ಮುಂದೆ ಒಂದು ಗಳಿಗೆ ನಿಂತು, "ಯಾರ್ರೀ ಇವಳು?" ಎನ್ನುತ್ತಿದ್ದಳು. ತಮಾಷೆಗೆಂದು ನಾನು ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ, ಅವಳ ತಮಾಷೆಯ ಧಾಟಿಯೇ ಹಾಗೆ ಎಂದುಕೊಂಡಿದ್ದೆ.

ಇನ್ನು ನನ್ನ ಬಾಮೈದ. ಹಡಗಿನಲ್ಲಿ ಇಂಜಿನಿಯರು. ವರ್ಷದಲ್ಲಿ ಅರ್ಧ ನೀರಿನ ಮೇಲೆ, ಇನ್ನರ್ಧ ನಮ್ಮ ತಲೆಯ ಮೇಲೆ. ಅವನು ರಜೆಯಲ್ಲಿ ನಮ್ಮ ಹಾಲ್‌ಗೆ ಒಂದು ಗಾಜಿನ ತೊಟ್ಟಿ ತಂದು, ಉಪ್ಪುನೀರು ತುಂಬಿ, ಅದರಲ್ಲಿ ಒಂದು ಹವಳ ಇಟ್ಟು ಸಾಕಿಕೊಂಡಿದ್ದ. ಅಂಗೈಯಗಲದ ಕಂದು ಹಸಿರು ವಸ್ತು, ಮೈ ತುಂಬ ಪುಟ್ಟ ಪುಟ್ಟ ಬಾಯಿಗಳು. ಹಡಗಿನಿಂದ ಕರೆ ಬಂತು. ಹವಳವನ್ನು ಯಾರ ಬಳಿ ಬಿಡುವುದೆಂದು ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಚರ್ಚೆ ಎದ್ದಿತು.

"ಯಾರ ಹತ್ರ ಬೇಕಾದ್ರೂ ಬಿಡು ಮಗಾ, ಅಳಿಯಂದ್ರ ಹತ್ರ ಮಾತ್ರ ಬೇಡ," ಎಂದರು ನಮ್ಮತ್ತೆ, ನಾನು ಪಕ್ಕದಲ್ಲೇ ಕೂತಿದ್ದರೂ. "ಆಮೆ ಕಥೆ ಗೊತ್ತಲ್ಲ?"

ಆಮೆ ಓಡಿಹೋಗಿತ್ತು. ನಿಜ. ಆಮೆ ಓಡಿಹೋಗುವಷ್ಟು ಹೊತ್ತು ಈ ಮನುಷ್ಯ ಏನು ಮಾಡುತ್ತಿದ್ದ ಎಂದು ನೆಂಟರಿಷ್ಟರು ಇವತ್ತಿಗೂ ಕೇಳುತ್ತಾರೆ. ಅದಕ್ಕೂ ಹಿಂದೆ ಗಿಳಿ, ಅದಕ್ಕೂ ಹಿಂದೆ ಎರಡು ಹೊಂಬಣ್ಣದ ಮೀನು. ಅವುಗಳ ಆಯುಸ್ಸು ಅಷ್ಟೇ ಇದ್ದರೆ ನಾನೇನು ಮಾಡಲಿ?

"ಇಲ್ಲೇ ಇರ್ಲಿ," ಎಂದೆ, ತಟ್ಟೆ ಸರಿಸಿ. "ನಾನು ನೋಡ್ಕೋತೀನಿ."

"ಭಾವ, ಇದು ಆಮೆ ಅಲ್ಲ. ಬೆಳಕಿನ ಮೇಲೆ ಬದುಕೋದು. ಬೆಳಕು ಸ್ವಲ್ಪ ಹೆಚ್ಚುಕಮ್ಮಿ ಆದ್ರೂ..."

"ಬೆಳಕಿನ ವಿಷಯ ನನಗೆ ಹೇಳ್ಬೇಡ!"

ಅವನು ನಕ್ಕ. ನಗುತ್ತಲೇ ಎಲ್ಲರೆದುರು ಹೇಳಿದ: "ಸರಿ. ನಾನು ವಾಪಸ್ ಬರೋಷ್ಟರಲ್ಲಿ ಇದೇನಾದ್ರೂ ಸತ್ತಿದ್ರೆ, ಅವತ್ತಿಂದ ನಿಮ್ಮನ್ನ ಬರೀ ಭಾವ ಅನ್ನಲ್ಲ. ಯಮಭಾವ ಅಂತೀನಿ."

ನಮ್ಮತ್ತೆಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಒಂದು ಹೆಸರು ನಮ್ಮ ನೆಂಟರ ಬಾಯಿಗೆ ಬಿದ್ದರೆ ಅದು ಸಾಯುವ ತನಕ ಬಿಡುವುದಿಲ್ಲ. ನನಗೆ ಈಗಾಗಲೇ ಒಂದಿದೆ. ಎರಡನೆಯದು ಬೇಡವೆಂದು ಅಲ್ಲೇ ತೀರ್ಮಾನಿಸಿದೆ.

ಕೆಮ್ಮು ನಿಂತ ಮೇಲೆ ನಮ್ಮತ್ತೆ ತೊಟ್ಟಿಯೊಳಗೆ ಇಣುಕಿ ಕೇಳಿದರು: "ಇದು ಹವಳಾನಾ? ಹವಳ ಅಂದ್ರೆ ಕೆಂಪಗಿರುತ್ತಲ್ಲೋ?"

ಬಾಯಲ್ಲಿ ತುತ್ತಿದ್ದ ಬಾಮೈದ, "ಇನ್ನೂ ಬೆಳೀಬೇಕಮ್ಮ," ಎಂದುಬಿಟ್ಟ. ಮುಂದಿನ ಎಲ್ಲ ಅನಾಹುತಕ್ಕೂ ಆ ಮಾತೇ ಕಾರಣ. ಇದರಲ್ಲಿ ನನ್ನ ಪಾತ್ರವಿಲ್ಲ ಎಂಬುದನ್ನು ಓದುವವರು ಗಮನಿಸಬೇಕು.

ಬಾಮೈದ ಹೊರಟುಹೋದ. ಹೋಗುವಾಗ ತೊಟ್ಟಿಯ ಮೇಲೆ ತೂಗುಹಾಕಿದ್ದ ದೀಪ ತೋರಿಸಿ, "ಇದನ್ನ ಮುಟ್ಟಬೇಡಿ," ಎಂದಿದ್ದ. ನಾನು ಆ ದೀಪವನ್ನು ನೋಡಿದೆ. ಅದೂ ಒಂದು ಬೆಳಕೇ? ಮಂಕು ಮಂಕಾದ ನೀಲಿ. ಅದರ ಕೆಳಗೆ ಹವಳ ಕೆಸರು ಮೆತ್ತಿಕೊಂಡ ಹಾಗೆ ಕಾಣುತ್ತಿತ್ತು. ಗಿರಾಕಿಯ ಮುಖ ಅಷ್ಟು ಕಪ್ಪಗೆ ಬಂದಿದ್ದರೆ ನನ್ನ ಅಂಗಡಿ ಎಂದೋ ಮುಚ್ಚಿಹೋಗುತ್ತಿತ್ತು. ನನ್ನ ಮನೆಗೆ ಬಂದ ಜೀವ ಹೀಗಿರುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನ ಕಸುಬು ಬಿಡಲಿಲ್ಲ. ಆ ನೀಲಿ ದೀಪ ಬಿಚ್ಚಿ ಅಟ್ಟಕ್ಕೆ ಹಾಕಿದೆ. ಸ್ಟುಡಿಯೋದಿಂದ ನನ್ನ ಹಳೆಯ ದೀಪಗಳನ್ನು ತಂದೆ. ಎಡಕ್ಕೊಂದು, ಬಲಕ್ಕೊಂದು, ನೆತ್ತಿಯ ಮೇಲೊಂದು.

ಹಾಲ್‌ನಲ್ಲಿ ಸೂರ್ಯ ಹುಟ್ಟಿದ. ನನ್ನ ಹೆಂಡತಿ ಕಣ್ಣಿಗೆ ಸೆರಗು ಅಡ್ಡ ಹಿಡಿದು ಅಡುಗೆಮನೆಯಿಂದ ಬಂದಳು.

"ಏನ್ರೀ ಇದು? ಅವನು ಮುಟ್ಟಬೇಡಿ ಅಂದಿದ್ದಲ್ವಾ?"

"ಅವನು ಮುಟ್ಟಬೇಡಿ ಅಂದಿದ್ದು ಆ ದೀಪಾನ. ಅದನ್ನ ಈಗ ಯಾರೂ ಮುಟ್ಟೋ ಹಾಗೇ ಇಲ್ಲ. ಅಟ್ಟದ ಮೇಲಿದೆ."

ಕೆಲವೇ ದಿನದಲ್ಲಿ ಪವಾಡ ಕಂಡಿತು. ಕಂದು ಬಣ್ಣ ಹೋಯಿತು, ಹಸಿರು ಹೋಯಿತು. ಹವಳ ಬೆಳ್ಳಗಾಯಿತು. ಬೆಳ್ಳಗೆಂದರೆ ಎಂಥ ಬಿಳುಪು! ಇಷ್ಟು ವರ್ಷದಲ್ಲಿ ಇಷ್ಟು ಚೆನ್ನಾಗಿ ನಾನು ಯಾರನ್ನೂ ಬೆಳ್ಳಗೆ ಮಾಡಿರಲಿಲ್ಲ. ನಮ್ಮತ್ತೆಯೂ ಮೊದಲ ಸಲ ನನ್ನನ್ನು ಮೆಚ್ಚಿದರು.

"ಪರವಾಗಿಲ್ಲ ಅಳಿಯಂದ್ರೇ! ಕಾಯಿ ಹೋಗಿ ದೋರೆಗಾಯಿ ಆಗಿದೆ. ಇನ್ನು ಕೆಂಪಗಾಗೋದೊಂದೇ ಬಾಕಿ."

ಅವರು ಏನು ಹೇಳುತ್ತಿದ್ದಾರೆಂದು ನಾನು ಕೇಳಲಿಲ್ಲ. ಹೊಗಳಿಕೆಗೆ ಅರ್ಥ ಕೇಳುವ ಅಭ್ಯಾಸ ನನಗಿಲ್ಲ. ಒಳ್ಳೆಯ ಕೋನ ನೋಡಿ ಹವಳದ ಫೋಟೋ ತೆಗೆದು ಬಾಮೈದನಿಗೆ ಕಳಿಸಿದೆ. ಕೆಳಗೆ ಬರೆದೆ: "ನೋಡು. ಹೇಗೆ ಬಂದಿದೆ?"

ಹಡಗು ಯಾವುದೋ ಬಂದರು ಮುಟ್ಟಿದ ಕೂಡಲೇ ಫೋನ್ ಬಂತು. ಹಲೋ ಇಲ್ಲ, ಕ್ಷೇಮಸಮಾಚಾರ ಇಲ್ಲ.

"ಭಾವ! ಏನ್ ಮಾಡಿದ್ರಿ?"

"ಬೆಳ್ಳಗೆ ಮಾಡಿದೆ."

"ಅದು ಬೆಳ್ಳಗಾಗಿಲ್ಲ ಭಾವ, ಬಿಳುಚಿಕೊಂಡಿದೆ! ಅದರ ಬಣ್ಣ ಅಂದ್ರೆ ಬರೀ ಬಣ್ಣ ಅಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರುತ್ತೆ. ಬೆಳಕು ಕುಡಿದು ಹವಳಕ್ಕೆ ಊಟ ಕೊಡೋದೇ ಆ ಪಾಚಿ. ನೀವು ಬೆಳಕು ಸುರಿದು ಸುರಿದು ಅದನ್ನ ಓಡಿಸಿಬಿಟ್ಟಿದೀರಿ. ಈಗ ನೀವು ನೋಡ್ತಿರೋದು ಬರೀ ಗಾಜಿನಂಥ ಚರ್ಮ, ಅದರೊಳಗಿನ ಬಿಳಿ ಮೂಳೆ."

ನಾನು ತೊಟ್ಟಿಯ ಕಡೆ ತಿರುಗಿದೆ. ಹವಳ ಅಪ್ಪಟ ಬಿಳುಪಿನಲ್ಲಿ ಹೊಳೆಯುತ್ತಿತ್ತು. ನಾನು ಚೆಂದ ಮಾಡಿದೆನೆಂದುಕೊಂಡ ಪ್ರಾಣಿ ಅಷ್ಟು ದಿನವೂ ಹಸಿದುಕೊಂಡು ಕೂತಿತ್ತು.

"ಈಗೇನ್ ಮಾಡೋದು?"

"ಏನೂ ಮಾಡೋಕಾಗಲ್ಲ. ಎಸೆದುಬಿಡಿ, ಯಮಭಾವ."

ಆ ಒಂದು ಪದ ಅವನು ಹೇಳದಿದ್ದರೆ ನಾನು ಎಸೆದುಬಿಡುತ್ತಿದ್ದೆನೋ ಏನೋ. ಹೇಳಿದ್ದು ಕೇಳಿ ನನ್ನ ಮೈ ಉರಿದುಹೋಯಿತು.

"ಸತ್ತಿಲ್ಲ!" ಎಂದೆ.

"ಸಾಯುತ್ತೆ."

"ಸಾಯಲ್ಲ! ನಾನು ಸಾಯೋಕೆ ಬಿಡಲ್ಲ!" ಎಂದು ಫೋನ್ ಕುಕ್ಕಿದೆ. ಮೂರು ದೀಪವನ್ನೂ ಆರಿಸಿದೆ. ಮಸುಕಿನಲ್ಲಿ ಬಗ್ಗಿ ನೋಡಿದರೆ ಒಂದು ಪುಟ್ಟ ಬಾಯಿ ತೆರೆದು ಮುಚ್ಚಿತು. ಸಾಕ್ಷಿ ಸಿಕ್ಕಿತು.

ನೇರವಾಗಿ ಅಲಂಕಾರದ ಮೀನಿನ ಅಂಗಡಿಗೆ ಹೋದೆ. ಅಂಗಡಿಯಾತ ನನ್ನ ಕಥೆ ಕೇಳಿ ವೈದ್ಯರ ಹಾಗೆ ನಿಟ್ಟುಸಿರುಬಿಟ್ಟ.

"ಹವಳ ಯಾವ ಜಾತಿ ಸಾರ್?"

"ನಾನು ಜಾತಿ ಕೇಳಿ ಮನೆಯೊಳಗೆ ಸೇರಿಸೋನಲ್ಲ."

"ಅಲ್ಲ ಸಾರ್, ಮೆತ್ತಗಿನದೋ ಗಟ್ಟಿದೋ? ಗಟ್ಟಿದಕ್ಕೆ ಜಾಸ್ತಿ ಬೆಳಕು ಬೇಕು. ನಿಮ್ಮದು ಸೊರಗಿದೆ ಅಂತೀರಿ. ಇದು ತೊಗೊಳ್ಳಿ, ನಮ್ಮಲ್ಲಿರೋದರಲ್ಲೇ ದೊಡ್ಡ ದೀಪ. ಫೋನಲ್ಲೇ ನಡೆಸಬಹುದು. ಬೆಳಿಗ್ಗೆ ಸೂರ್ಯೋದಯ, ಸಾಯಂಕಾಲ ಸೂರ್ಯಾಸ್ತ, ಆಮೇಲೆ ಬೆಳದಿಂಗಳು. ಮೋಡ ಬೇಕಂದ್ರೆ ಮೋಡ. ಗುಡುಗು ಮಿಂಚೂ ಇದೆ."

"ಗುಡುಗು ಮಿಂಚು ನಮ್ಮನೇಲಿ ಆಗಲೇ ಇದೆ."

"ಇದನ್ನ ಪೂರ್ತಿ ಜೋರಲ್ಲಿ ಹಾಕಿ ಸಾರ್, ನಿಮ್ಮ ಹವಳ ಎದ್ದು ಕೂರುತ್ತೆ!"

ಇಲ್ಲಿ ನನ್ನ ಕಸುಬು ನನ್ನನ್ನು ಕಾಯಿತು. ಬೆಳಕು ಹೆಚ್ಚಾಗಿ ಹಾಳಾದ ಫೋಟೋಗೆ ಇನ್ನಷ್ಟು ಬೆಳಕು ಹಾಕಿ ಸರಿಮಾಡಿದವನನ್ನು ನಾನು ಕಂಡಿಲ್ಲ. ಅವನ ಮಾತಿಗೆ ಸೊಪ್ಪು ಹಾಕದೆ ಮನೆಗೆ ಬಂದೆ. ಅಟ್ಟ ಹತ್ತಿ ಬಾಮೈದನ ನೀಲಿ ದೀಪವನ್ನೇ ಇಳಿಸಿದೆ. ಸೋತೆನೆಂದಲ್ಲ. ಸಮುದ್ರದ ನೀರು ಬೇರೆ ಬಣ್ಣಗಳನ್ನೆಲ್ಲ ಮೇಲುಮೇಲೇ ನುಂಗಿಕೊಂಡು ಅಡಿಗೆ ನೀಲಿಯನ್ನು ಮಾತ್ರ ಬಿಡುತ್ತದೆ, ಹವಳ ಹುಟ್ಟಿ ಬೆಳೆದದ್ದು ಆ ಬೆಳಕಿನಲ್ಲಿ ಎಂದು ಓದಿಕೊಂಡಿದ್ದೆ. ಆದರೆ ಬಳಲಿದ ಪ್ರಾಣಿಗೆ ಆ ನೀಲಿಯೂ ನೇರವಾಗಿ ಬಡಿಯಬಾರದಲ್ಲ? ಸ್ಟುಡಿಯೋದಲ್ಲಿ ಬೆಳಕನ್ನು ಮೆದುಮಾಡಲು ನಾವು ದೀಪದ ಮುಂದೆ ಅರೆಪಾರದರ್ಶಕ ಕಾಗದ ಕಟ್ಟುತ್ತೇವೆ. ದೀಪವನ್ನು ಮಾರುದ್ದ ಮೇಲೆತ್ತಿ, ಅದರ ಕೆಳಗೆ ಆ ಕಾಗದವನ್ನು ಪದರ ಪದರವಾಗಿ ಕಟ್ಟಿದೆ. ಹವಳ ಚೇತರಿಸಿಕೊಂಡ ಹಾಗೆಲ್ಲ ಒಂದೊಂದೇ ಪದರ ತೆಗೆಯುವುದು ಎಂಬುದು ನನ್ನ ಲೆಕ್ಕ. ಕಿಟಕಿಯ ಬಿಸಿಲು ಬೀಳದಂತೆ ಸ್ಟುಡಿಯೋದ ಕಪ್ಪು ಬಟ್ಟೆ ಇಳಿಬಿಟ್ಟೆ. ಹಾಲ್‌ನ ಟ್ಯೂಬ್‌ಲೈಟಿನ ಸ್ವಿಚ್ಚಿಗೆ ಅಂಟುಪಟ್ಟಿ ಹಚ್ಚಿದೆ.

"ಇನ್ಮೇಲೆ ಈ ಹಾಲ್‌ನಲ್ಲಿ ಯಾರೂ ಬಿಳಿ ದೀಪ ಹಾಕೋ ಹಾಗಿಲ್ಲ," ಎಂದು ಸಾರಿದೆ.

ನಮ್ಮ ಸಂಸಾರ ನೀಲಿಯಾಯಿತು. ಲೋಟದ ಹಾಲು ನೀಲಿ, ಗೋಡೆ ನೀಲಿ, ನಮ್ಮತ್ತೆಯ ಹಲ್ಲು ಮಾತ್ರ ಬೆಳ್ಳಗೆ ಮಿನುಗುತ್ತಿತ್ತು. ನನ್ನ ಹೆಂಡತಿ ಒಂದು ದಿನ ಎರಡು ಬಣ್ಣದ ಚಪ್ಪಲಿ ಹಾಕಿಕೊಂಡು ಮಾರುಕಟ್ಟೆಗೆ ಹೋಗಿಬಂದಳು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವಳು ಚಪ್ಪಲಿ ಬಿಟ್ಟು, ತೊಟ್ಟಿಯ ಮುಂದೆ ಕೂತು, ಬಹಳ ಹೊತ್ತು ನೋಡಿ, "ಪಾಪ, ಅದರ ಬಣ್ಣ ಅದಕ್ಕೆ ವಾಪಸ್ ಬರ್ಲಿ ಬಿಡಿ," ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ನೆಗಡಿ ಇರಬೇಕೆಂದು ಕಿಟಕಿ ಇನ್ನಷ್ಟು ಭದ್ರ ಮಾಡಿದೆ.

ದಿನಗಳು ಹೋದವು. ಒಂದು ಬೆಳಿಗ್ಗೆ ಹವಳದ ಅಂಚಿನಲ್ಲಿ ಎಳೆಯಷ್ಟು ಹಸಿರು ಕಾಣಿಸಿತು. ಕುಣಿದಾಡುವುದೊಂದು ಬಾಕಿ. ಫೋನ್ ಹಿಡಿದು, ಒಳಗೆ ಸಿಗ್ನಲ್ ಸಿಗದೆ, ಬಾಲ್ಕನಿಗೆ ಓಡಿ ಬಾಮೈದನಿಗೆ ಅರಚಿದೆ: "ಹವಳ ಚಿಗುರ್ತಿದೆ ಕಣೋ! ನಾನೇ ಬೆಳೆಸ್ತಿದೀನಿ! ಇನ್ನು ನೋಡ್ತಾ ಇರು!" ನಡುಗಡಲಿನಲ್ಲಿದ್ದ ಅವನಿಗೆ ಕರೆ ಮುಟ್ಟಿರಲೇ ಇಲ್ಲವೆಂದು ಅರಚಿ ಮುಗಿದ ಮೇಲೆ ಗೊತ್ತಾಯಿತು.

ಪಕ್ಕದ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯಾಕೆಯ ಕಿವಿ ನೆಟ್ಟಗಾದದ್ದು ನನಗೆ ಕಾಣಲಿಲ್ಲ. ಆಕೆ ಕೈಯಲ್ಲಿದ್ದ ಒದ್ದೆ ಬಟ್ಟೆ ಅಲ್ಲೇ ಬಿಟ್ಟು ನೇರ ನಮ್ಮತ್ತೆಯ ಬಳಿ ಬಂದಳಂತೆ.

"ಏನಮ್ಮಾ, ನಿಮ್ಮ ಅಳಿಯ ಮನೇಲೇ ಹವಳ ಬೆಳೆಸ್ತಿದಾರಂತೆ?"

"ಹೂಂ ಮತ್ತೆ," ಎಂದರಂತೆ ನಮ್ಮತ್ತೆ, ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದ್ದವರು. "ಮೊದಲು ಕಂದು ಬಂತು, ಆಮೇಲೆ ಬಿಳಿ ಆಯ್ತು, ಈಗ ಅಂಚು ತಿರುಗಿದೆ. ಕೆಂಪಗಾದ ಕೂಡ್ಲೆ ಕೀಳೋದೇ. ಮೊದಲ್ನೇ ಬೆಳೆ ನನ್ನ ಸರಕ್ಕೆ. ಆಮೇಲಿಂದು ನೋಡೋಣ."

"ಅದಕ್ಕೇನಾ ಆ ನೀಲಿ ಬೆಳಕು, ಕಪ್ಪು ಪರದೆ?"

"ಬೇರೆಯವರ ಕಣ್ಣಿಗೆ ಬೀಳಬಾರ್ದಲ್ಲಮ್ಮ."

ಅಂದು ಸಂಜೆಯ ಹೊತ್ತಿಗೆ ನಮ್ಮ ಕಟ್ಟಡಕ್ಕೆಲ್ಲ ಸುದ್ದಿ ಹಬ್ಬಿತು. ಮಾತು ಬಾಯಿಂದ ಬಾಯಿಗೆ ಹೋಗುತ್ತಾ ನಮ್ಮ ತೊಟ್ಟಿ ದೊಡ್ಡದಾಗುತ್ತಾ ಹೋಯಿತು. ಕೆಳಗಿನ ಮನೆಯವರು ಹೇಳುವ ಹೊತ್ತಿಗೆ ಅದು ಹಾಲ್ ತುಂಬಿತ್ತು, ಮೇಲಿನ ಮನೆಯವರ ಬಾಯಲ್ಲಿ ನಾವು ಮಲಗುವ ಕೋಣೆಯನ್ನೂ ಖಾಲಿ ಮಾಡಿ ನೀರು ಬಿಟ್ಟಿದ್ದೆವು. ಹಿಂದೆ ಮೆಟ್ಟಿಲಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದವರು ನನಗೆ ಬಾಗಿಲು ಹಿಡಿದು ದಾರಿ ಬಿಟ್ಟರು. ಒಬ್ಬಾಕೆ ನನ್ನ ಹೆಂಡತಿಯ ಕೈ ಹಿಡಿದು, "ನಮಗೆ ಜಾಸ್ತಿ ಬೇಡ, ಒಂದು ಜೊತೆ ಓಲೆಗಾಗುವಷ್ಟು ಸಾಕು," ಎಂದಳಂತೆ. ಇವಳಿಗೆ ಏನೂ ಅರ್ಥವಾಗದೆ, ಹವಳಕ್ಕೆ ಹಾಕುವ ಆಹಾರ ಕೇಳುತ್ತಿದ್ದಾಳೆಂದುಕೊಂಡು, "ಫ್ರಿಜ್ಜಲ್ಲಿದೆ, ಕೊಡ್ತೀನಿ ಇರಿ," ಎಂದಳಂತೆ. ಫ್ರಿಜ್ಜಿನಲ್ಲಿ ಹವಳ ಇಟ್ಟಿದ್ದಾರೆಂದು ಮತ್ತೊಂದು ಸುದ್ದಿ ಹೊರಟಿತು.

ಮಾರನೆಯ ದಿನ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ಬಂದರು. ಮೂಗಿನ ತುದಿಯಲ್ಲಿ ಕನ್ನಡಕ, ನಾಲಿಗೆಯ ತುದಿಯಲ್ಲಿ ನಿಯಮ.

"ವಾಸದ ಮನೆಯಲ್ಲಿ ಉತ್ಪಾದನೆ ಮಾಡೋ ಹಾಗಿಲ್ಲ."

"ಏನ್ ಉತ್ಪಾದನೆ?"

"ಅದನ್ನ ನಾನು ಬಾಯಿಬಿಟ್ಟು ಹೇಳಬೇಕಾ? ಎಲ್ಲರಿಗೂ ಗೊತ್ತಿದೆ. ಆ ಪರದೆ ತೆಗೀರಿ, ದೀಪ ಹಾಕಿ, ನೋಡ್ಬೇಕು."

"ಪರದೆ ತೆಗೆಯಲ್ಲ. ದೀಪ ಹಾಕಲ್ಲ. ನನ್ನ ಮನೆ, ನನ್ನ ಕತ್ತಲೆ."

"ಸರ್ಕಾರಕ್ಕೆ ಬರೀತೀನಿ!"

"ಬರೀರಿ! ದಪ್ಪ ಅಕ್ಷರದಲ್ಲಿ ಬರೀರಿ!"

ಬರೆದೇ ಬಿಟ್ಟರು. ಮನುಷ್ಯ ಅಷ್ಟು ಚುರುಕು ಎಂದು ಗೊತ್ತಿದ್ದರೆ ನಮ್ಮ ಸೋರುವ ನಲ್ಲಿಯ ವಿಷಯವನ್ನೂ ಅದರಲ್ಲೇ ಸೇರಿಸಲು ಹೇಳುತ್ತಿದ್ದೆ. ಸ್ವಲ್ಪ ದಿನದಲ್ಲೇ ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಕಾರ್ಯದರ್ಶಿ, ಅವರ ಪಕ್ಕದಲ್ಲಿ ಒಬ್ಬ ಅಧಿಕಾರಿ, ಹಿಂದೆ ಪುಟ್ಟ ತಕ್ಕಡಿ ಹಿಡಿದುಕೊಂಡ ಚಿನ್ನದಂಗಡಿಯವರು, ಅವರ ಹಿಂದೆ ಪಕ್ಕದ ಮನೆಯಾಕೆ, ಆಕೆಯ ಹಿಂದೆ ಮೆಟ್ಟಿಲು ತುಂಬ ಜನ. ಅಧಿಕಾರಿ ಯಾವುದೋ ಇಲಾಖೆಯ ಹೆಸರು ಹೇಳಿದರು. ಹೆಸರು ಎಷ್ಟು ಉದ್ದವಿತ್ತೆಂದರೆ ಮಧ್ಯದಲ್ಲಿ ಉಸಿರು ತೆಗೆದುಕೊಂಡರು.

"ನೀವು ಅಧಿಕಾರಿ ಅನ್ನೋದಕ್ಕೆ ಏನು ಗುರುತು?" ಎಂದೆ, ಬಾಗಿಲಿಗೆ ಅಡ್ಡ ನಿಂತು.

ಕೊರಳಲ್ಲಿದ್ದ ಗುರುತಿನ ಚೀಟಿ ಎತ್ತಿ ತೋರಿಸಿದರು. ನೋಡಿದೆ. ಅದರಲ್ಲಿ ಹಿಮದ ಬೊಂಬೆಯ ಹಾಗೆ ಬೆಳ್ಳಗಿದ್ದ ಒಬ್ಬ ಯುವಕ ಇದ್ದ. ನನ್ನೆದುರು ನಿಂತಿದ್ದವರು ಬಿಸಿಲಿನಲ್ಲಿ ತಿರುಗಿ ಬೆಂದ, ಕೆನ್ನೆಯ ಮೇಲೆ ದೊಡ್ಡ ಮಚ್ಚೆಯಿದ್ದ ಮನುಷ್ಯ.

"ಇದು ನೀವಲ್ಲ."

"ನಾನೇ ರೀ!"

"ಮಚ್ಚೆ ಎಲ್ಲಿ?"

"ಮಚ್ಚೆ ಅಳಿಸಿದ್ದು ನೀವು! ಈ ಫೋಟೋ ತೆಗೆದಿದ್ದು ನೀವೇ ಕಣ್ರೀ! ಬೇಡ ಅಂದ್ರೂ ಮೂರು ದೀಪ ಹಾಕಿ ತೆಗೆದ್ರಿ! ಇವತ್ತಿಗೂ ನಮ್ಮ ಆಫೀಸ್ ಗೇಟಲ್ಲಿ ನನ್ನನ್ನ ಒಳಗೆ ಬಿಡಲ್ಲ. ದಿನಾ ಬೆಳಿಗ್ಗೆ ಯಾರಾದ್ರೂ ಬಂದು ಇವರು ಇವರೇ ಅಂತ ಹೇಳ್ಬೇಕು!"

ಮೆಟ್ಟಿಲ ಮೇಲೆ ನಗೆ ಎದ್ದಿತು. "ನನ್ನ ಪಾಸ್‌ಪೋರ್ಟಿಂದೂ ಅದೇ ಕಥೆ," ಎಂದು ಯಾರೋ ಕೂಗಿದರು. ಆ ಗದ್ದಲದಲ್ಲಿ ಎಲ್ಲರೂ ಒಳಗೆ ನುಗ್ಗಿದರು. ನೀಲಿ ಮಸುಕಿನಲ್ಲಿ ಒಬ್ಬರ ಕಾಲನ್ನು ಇನ್ನೊಬ್ಬರು ತುಳಿದರು. ಅಧಿಕಾರಿ ಗೋಡೆ ತಡವಿದರು. ಅವರ ಬೆರಳಿಗೆ ಅಂಟುಪಟ್ಟಿಯ ಸ್ವಿಚ್ಚು ಸಿಕ್ಕಿತು.

"ಅದನ್ನ ಮುಟ್ಟಬೇಡಿ!" ಎಂದು ಕಿರುಚಿದೆ. ನನ್ನ ದನಿಗೆ ನಾನೇ ಹೆದರಿದೆ. ಓಡಿಹೋಗಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತೆ.

"ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡ್ತಿದೀರಿ. ಬಿಳಿ ದೀಪ ಹಾಕಿ. ಸರಿಯಾಗಿ ನೋಡ್ಬೇಕು."

"ಬಿಳಿ ದೀಪದಲ್ಲಿ ಸರಿಯಾಗಿ ಕಾಣುತ್ತೆ ಅಂತ ನಿಮಗೆ ಯಾರು ಹೇಳಿದ್ರು? ನಿಮ್ಮ ಕೊರಳಲ್ಲೇ ನೇತಾಡ್ತಿದೆಯಲ್ಲ ಸ್ವಾಮಿ, ನಾನು ಬಿಳಿ ದೀಪದಲ್ಲಿ ತೆಗೆದಿದ್ದು. ಸರಿಯಾಗಿ ಕಾಣ್ತಾ?"

ಅಧಿಕಾರಿ ಚೀಟಿ ನೋಡಿಕೊಂಡರು. ಅದನ್ನು ಮೆಲ್ಲಗೆ ಅಂಗಿಯೊಳಗೆ ಸರಿಸಿದರು.

"ಒಂದು ಜೀವ ಈಗಷ್ಟೇ ಕಣ್ಣು ಬಿಡ್ತಿದೆ," ಎಂದೆ. "ಅದನ್ನ ಹಾಳು ಮಾಡಿದ್ದು ಇದೇ ಬಿಳಿ ಬೆಳಕು. ನೋಡೋದಾದ್ರೆ ಅದಕ್ಕೆ ಆಗಿಬರೋ ಬೆಳಕಲ್ಲಿ ನೋಡಿ. ಬೇಕಾದ್ರೆ ನನ್ನ ಎಳಕೊಂಡು ಹೋಗಿ. ಸ್ವಿಚ್ ಮಾತ್ರ ಹಾಕೋಕೆ ಬಿಡಲ್ಲ!"

ಆಗ ನನ್ನ ಹೆಂಡತಿ ಬಂದು ನನ್ನ ಪಕ್ಕದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಹಿಡಿದ ಹಟಕ್ಕೆ ಅವಳು ಜೊತೆ ನಿಂತದ್ದು ಅದೇ ಮೊದಲು. "ಕೂತ್ಕೊಂಡು ನೋಡಿ ಸಾರ್," ಎಂದಳು. "ಕಣ್ಣು ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು."

ಅಧಿಕಾರಿ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವರ ಭುಜದ ಮೇಲಿಂದ ಕಾರ್ಯದರ್ಶಿ, ಕಾರ್ಯದರ್ಶಿಯ ಭುಜದ ಮೇಲಿಂದ ಚಿನ್ನದಂಗಡಿಯವರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಎಲ್ಲರಿಗೂ ಕಂಡಿತು. ಬಿಳಿಯ ಮೈಯ ಸುತ್ತ ಹಸಿರು ಅಂಚು ತಾನೇ ದೀಪ ಹಚ್ಚಿಕೊಂಡ ಹಾಗೆ ಮಿನುಗುತ್ತಿತ್ತು. ನಾನು ಸಣ್ಣ ಕೊಳವೆಯಲ್ಲಿ ಆಹಾರ ಬಿಟ್ಟೆ. ಪುಟ್ಟ ಪುಟ್ಟ ಬಾಯಿಗಳು ಒಂದೊಂದಾಗಿ ತೆರೆದುಕೊಂಡವು.

"ಅಯ್ಯೋ! ಇದು ತಿನ್ನುತ್ತೆ!" ಎಂದು ಹೌಹಾರಿದರು ನಮ್ಮತ್ತೆ.

"ಪ್ರಾಣಿ ಅತ್ತೆ ಅದು. ತಿನ್ನದೆ ಇನ್ನೇನು?"

"ಪ್ರಾಣೀನಾ? ಹವಳ ಅಂದ್ರಲ್ಲ?"

"ಹವಳಾನೇ. ಸಮುದ್ರದಲ್ಲಿರೋ ಹವಳ."

"ಹಾಗಾದ್ರೆ ಕೆಂಪಗಾಗಲ್ವಾ?"

"ಯಾಕೆ ಕೆಂಪಗಾಗ್ಬೇಕು?"

ಚಿನ್ನದಂಗಡಿಯವರು ತಕ್ಕಡಿಯನ್ನು ಮೆಲ್ಲಗೆ ಜೇಬಿಗಿಳಿಸಿದರು. "ಈ ಜಾತೀದು ಆಭರಣಕ್ಕೆ ಬರಲ್ಲ," ಎಂದು ಗಂಭೀರವಾಗಿ ಘೋಷಿಸಿದರು, ಅದನ್ನು ಹೇಳಲಿಕ್ಕೇ ಬಂದವರ ಹಾಗೆ. ನಮ್ಮತ್ತೆ ಬರಿಗೊರಳು ಸವರಿಕೊಂಡು ಕುರ್ಚಿಯಲ್ಲಿ ಕುಸಿದರು. ಪಕ್ಕದ ಮನೆಯಾಕೆ, "ನಾನು ಆಗಲೇ ಅಂದ್ಕೊಂಡೆ," ಎಂದಳು. ಓಲೆ ಕೇಳಿದ್ದಾಕೆ ಮೆಟ್ಟಿಲಿಳಿದು ಮಾಯವಾದಳು. ಅಧಿಕಾರಿ ಮಾತ್ರ ಕೂತಲ್ಲಿಂದ ಏಳಲಿಲ್ಲ.

"ಇದು ಮತ್ತೆ ಮೊದಲಿನ ಹಾಗೆ ಆಗುತ್ತಾ?" ಎಂದು ಮೆತ್ತಗೆ ಕೇಳಿದರು.

"ಆಗುತ್ತೆ," ಎಂದೆ. ಆಗುತ್ತದೆಂದು ನನಗೂ ಗೊತ್ತಿರಲಿಲ್ಲ. ಆದರೆ ಆಗುವುದಿಲ್ಲ ಎಂದು ನನ್ನ ಬಾಯಿಂದ ಹೇಳಿಸಲು ಯಾವ ಇಲಾಖೆಗೂ ಸಾಧ್ಯವಿರಲಿಲ್ಲ.

ಆಮೇಲೆ ನಾನು ಪದರ ಕೀಳುತ್ತಾ ಬಂದೆ. ಆತುರ ಮಾಡಲಿಲ್ಲ. ಒಮ್ಮೆ ಅವಸರಪಟ್ಟು ಒಂದನ್ನು ಬೇಗ ತೆಗೆದಾಗ ಹವಳ ಮುದುಡಿಕೊಂಡಿತು. ಕ್ಷಮೆ ಕೇಳದೆ, ಆದರೆ ಯಾರಿಗೂ ಕಾಣದ ಹಾಗೆ, ಮತ್ತೆ ಕಟ್ಟಿದೆ. ಹಸಿರು ಅಂಚಿನಿಂದ ಒಳಕ್ಕೆ ಹರಿಯಿತು, ಅದರ ಹಿಂದೆಯೇ ಕಂದು ಬಂತು. ಕೊನೆಯ ಕಾಗದ ಬಿಚ್ಚಿದ ವಾರ ಬುಡದಲ್ಲಿ ಕಡಲೆಕಾಳಿನಷ್ಟು ಒಂದು ಮರಿ ಕಾಣಿಸಿತು. ಬಾಮೈದನಿಗೆ ನಾನು ಆಮೇಲೆ ಒಂದು ಮಾತನ್ನೂ ತಿಳಿಸಲಿಲ್ಲ, ಯಾವ ಫೋಟೋವನ್ನೂ ಕಳಿಸಲಿಲ್ಲ.

ಅವನು ರಜೆಗೆ ಬಂದ. ಬಾಗಿಲಲ್ಲೇ, ಕೈಯಲ್ಲೊಂದು ನೀರು ತುಂಬಿದ ಚೀಲ. ಒಳಗೆ ಒಂದು ಹೊಸ ಹವಳ.

"ಬೇಜಾರಾಗಬೇಡಿ ಯಮಭಾವ. ಹಳೇದು ಹೋಯ್ತು ಅಂತ ಬೇರೆ ತಂದಿದೀನಿ. ತೊಟ್ಟಿ ಆದ್ರೂ ಇದೆ ತಾನೇ?"

ನಾನು ಪಕ್ಕಕ್ಕೆ ಸರಿದೆ. ಅವನು ಹಾಲ್‌ಗೆ ಹೋದ. ಹೋಗಿ ನೋಡಿದರೆ ಚೀಲ ಹಿಡಿದುಕೊಂಡೇ ತೊಟ್ಟಿಯ ಮುಂದೆ ಮಂಡಿಯೂರಿದ್ದ.

"ಇದು ಅದೇನಾ?"

"ಅದೇ."

"ಮರಿ ಬೇರೆ ಹಾಕಿದೆ!"

"ಹಾಕಿದೆ."

"ಹೇಗೆ ಭಾವ?"

ಬರೀ ಭಾವ. ಮುಂದೆ ಹಿಂದೆ ಏನೂ ಇಲ್ಲ. ಆ ಪದವನ್ನು ನನ್ನ ಕಿವಿಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ಆಮೇಲೆ ಹೇಳಿದೆ: "ಬೆಳಕಿನ ವಿಷಯ ನನಗೆ ಹೇಳ್ಬೇಡ ಅಂತ ನಾನು ಆಗಲೇ ಹೇಳಿದ್ನಲ್ಲ."

ಮಾರನೆಯ ದಿನ ಅವನು ಸ್ಟುಡಿಯೋಗೆ ಬಂದ. ಹೊಸ ಗುರುತಿನ ಚೀಟಿಗೆ ಫೋಟೋ ಬೇಕಿತ್ತು. ಸ್ಟೂಲಿನ ಮೇಲೆ ಕೂತು ಕೂದಲು ತೀಡಿಕೊಂಡು, "ಭಾವ, ಹಡಗಿನ ಬಿಸಿಲಿಗೆ ತುಂಬಾ ಕಪ್ಪಾಗಿಬಿಟ್ಟಿದೀನಿ. ನಿಮ್ಮ ಮೂರು ದೀಪ ಹಾಕಿ, ಸ್ವಲ್ಪ ಬೆಳ್ಳಗೆ..." ಎಂದ.

"ಇಲ್ಲ."

"ಏನಿಲ್ಲ?"

"ಬೆಳ್ಳಗೆ ತೆಗೆಯಲ್ಲ. ನೀನು ಹೇಗಿದೀಯೋ ಹಾಗೆ. ಬೇಕಿದ್ರೆ ಕೂತ್ಕೋ, ಇಲ್ದಿದ್ರೆ ಏಳು."

ಕೂತ. ಅವನಷ್ಟೇ ಅಲ್ಲ, ಆ ಅಧಿಕಾರಿಯೂ ಬಂದು ಕೂತು ಮಚ್ಚೆಯ ಸಮೇತ ಹೊಸ ಫೋಟೋ ತೆಗೆಸಿಕೊಂಡು ಹೋದರು. ಗೇಟಿನಲ್ಲಿ ಈಗ ತಡೆಯುವುದಿಲ್ಲವಂತೆ. ಎದ್ದು ಹೋದವರೂ ಇದ್ದಾರೆ. ಎದುರು ರಸ್ತೆಯ ಹೊಸ ಸ್ಟುಡಿಯೋದವನು ನಾಲ್ಕು ದೀಪ ಇಟ್ಟಿದ್ದಾನೆ, ಅಲ್ಲಿಗೆ ಹೋಗಲಿ. ನನ್ನ ಮೂರು ದೀಪಗಳು ಅಟ್ಟದ ಮೇಲಿವೆ, ಮೊದಲು ಆ ನೀಲಿ ದೀಪ ಇದ್ದ ಜಾಗದಲ್ಲೇ.

ಕೊನೆಗೆ ಒಂದು ಭಾನುವಾರ ನನ್ನ ಹೆಂಡತಿಯನ್ನು ಸ್ಟುಡಿಯೋಗೆ ಕರೆದೆ. ಯಾಕೆ ಎಂದಳು. ಸುಮ್ಮನೆ ಕೂತ್ಕೋ ಎಂದೆ. ಒಂದೇ ದೀಪ, ಅದರ ಮುಂದೆ ಹವಳಕ್ಕೆ ಕಟ್ಟಿದ್ದ ಅದೇ ಕಾಗದ. ಅವಳ ಮೈಬಣ್ಣ ಕಂದು. ಬೆಳಕು ಅದರ ಮೇಲೆ ಎಷ್ಟು ನಿಲ್ಲಬೇಕೋ ಅಷ್ಟೇ ನಿಂತಿತು. ಫೋಟೋ ದೊಡ್ಡದು ಮಾಡಿಸಿ ಗಾಜಿನ ಹಿಂದಿದ್ದ ಹಳೆಯದನ್ನು ತೆಗೆದು ಅಲ್ಲಿಟ್ಟೆ. ನಮ್ಮತ್ತೆ 'ನೋಡೋಣ' ಎಂದು ಬಂದವರು ರಸ್ತೆಯಲ್ಲೇ ಗಲ್ಲಕ್ಕೆ ಕೈಯಿಟ್ಟುಕೊಂಡರು.

"ಇದೇನು ಅಳಿಯಂದ್ರೇ, ನನ್ನ ಮಗಳು ಇಷ್ಟು ಕಪ್ಪಗೆ ಕಾಣ್ತಾಳೆ!"

"ಹೌದು ಅತ್ತೆ," ಎಂದೆ, ಇಡೀ ರಸ್ತೆಗೆ ಕೇಳುವ ಹಾಗೆ. "ಅವಳು ಇರೋದೇ ಹಾಗೆ. ಏನೀಗ?"

ನನ್ನ ಹೆಂಡತಿ ಎಂದಿನಂತೆ ಗಾಜಿನ ಮುಂದೆ ಒಂದು ಗಳಿಗೆ ನಿಂತಳು. ಯಾರ್ರೀ ಇವಳು ಎಂದು ಕೇಳುತ್ತಾಳೆಂದು ಕಾದೆ. ಕೇಳಲಿಲ್ಲ. ಗಾಜಿಗೆ ಅಂಟಿದ್ದ ಧೂಳನ್ನು ಸೆರಗಿನಿಂದ ಒರೆಸಿದಳು.

"ಇವಳು ನನಗೆ ಗೊತ್ತು," ಎಂದಳು. ಈ ಸಲ ನಕ್ಕಳು.